ಕಾಣದ ಎಂಟು ಅಂಕೆ

ಅಣ್ಣ ಮೊದಲು ಒಡೆದದ್ದು ತಂಗಿಯ ಫೋನನ್ನು. ಹೆಂಡತಿ ಬೀರು ಖಾಲಿ ಮಾಡಿಕೊಂಡು ಹೋಗಿದ್ದಾಳೆಂದು ಗೊತ್ತಾದದ್ದೇ ತಡ, ತಂಗಿಯ ಕೈಯಿಂದ ಅದನ್ನು ಕಿತ್ತುಕೊಂಡು ಜಾಲಾಡಿದ. ಏನೂ ಸಿಗದಿದ್ದಾಗ ಗೋಡೆಗೆ ಅಪ್ಪಳಿಸಿದ. ಆಮೇಲೆ ಅವಳ ಕೆನ್ನೆಗೆ ಬಾರಿಸಿದ. ಕೋಪದ ಕೈಗೆ ಬುದ್ಧಿ ಕೊಟ್ಟವರ ಹಣೆಬರಹವೇ ಇಷ್ಟು: ಹೆಂಡತಿ ಎಲ್ಲಿದ್ದಾಳೆಂದು ನೋಡಲು ಆ ಫೋನೇ ಬೇಕಿತ್ತೆಂದು ಚೂರಾದ ಮೇಲೆ ಹೊಳೆಯಿತು. ಅವನದು ಗುಂಡಿ ಒತ್ತುವ ಹಳೇ ಫೋನು. ಗ್ಯಾರೇಜಿನ ಗ್ರೀಸಿಗೆ ಬೇರೆ ಯಾವುದೂ ಬಾಳುತ್ತಿರಲಿಲ್ಲ.

"ಲ್ಯಾಪ್‌ಟಾಪ್ ತೆಗಿ. ಅವಳ ಫೋನ್ ಎಲ್ಲಿದೆ ಅಂತ ಮ್ಯಾಪಲ್ಲಿ ಬರುತ್ತಲ್ಲ, ಅದನ್ನ ತೋರ್ಸು."

ಒಂದು ವರ್ಷದ ಹಿಂದೆ ಆ ಏರ್ಪಾಡು ಮಾಡಿಕೊಟ್ಟವಳು ತಂಗಿಯೇ. ಫೋನ್ ಕಳೆದುಹೋದರೆ ಹುಡುಕೋಕೆ ಅಂತ ಅಣ್ಣ ಹೇಳಿದ್ದ, ಇವಳು ನಂಬಿದ್ದಳು. ಇವತ್ತು ಬೆಳಿಗ್ಗೆ ಅತ್ತಿಗೆಯ ಚೀಲಕ್ಕೆ ಬಟ್ಟೆ ತುಂಬುವಾಗ ಇಬ್ಬರಿಗೂ ಅದರ ನೆನಪೇ ಬಂದಿರಲಿಲ್ಲ. ಅತ್ತಿಗೆಯ ಬಸ್ಸು ಹನ್ನೊಂದಕ್ಕೆ. ಗಡಿಯಾರದಲ್ಲಿ ಹತ್ತೂಕಾಲು. ನಿಲ್ದಾಣಕ್ಕೆ ಬೈಕಿನಲ್ಲಿ ಹತ್ತು ನಿಮಿಷದ ದಾರಿ. ಬಸ್ಸು ಹೊರಟರೆ ಮುಂದಿನ ಊರಿನಲ್ಲಿ ಅತ್ತಿಗೆಯ ಮೂವರು ಅಣ್ಣಂದಿರು ಕಾಯುತ್ತಿರುತ್ತಾರೆ, ಅವರೆದುರು ಬಾಲ ಬಿಚ್ಚುವಷ್ಟು ಗಂಡಸಲ್ಲ ಇವನು. ಆದರೆ ಹನ್ನೊಂದರ ತನಕ ಅವಳು ನಿಲ್ದಾಣದ ಬೆಂಚಿನ ಮೇಲೆ ಒಬ್ಬಳೇ. ಹೋದ ತಿಂಗಳು ಸ್ಪ್ಯಾನರಿನಿಂದ ಹೊಡೆದು ಅವಳ ಪಕ್ಕೆಲುಬು ಮುರಿದಿದ್ದ. ಈ ಸಲ ಕೈಗೆ ಸಿಕ್ಕರೆ ಕೊಂದೇಬಿಡುತ್ತಾನೆ. ತಂಗಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಲ್ಯಾಪ್‌ಟಾಪು ಮುದಿಯಾಗಿತ್ತು. ಮೂಲೆಗೆಸೆಯುವ ಬದಲು ತಂಗಿ ಅದಕ್ಕೆ ಲಿನಕ್ಸ್ ಎಂಬ ಬೇರೆ ಸಿಸ್ಟಮ್ ಹಾಕಿ ಜೀವ ಕೊಟ್ಟಿದ್ದಳು. ಅದರ ಮರ್ಜಿ ಮನೆಯಲ್ಲಿ ಇನ್ಯಾರಿಗೂ ತಿಳಿಯದು. ಒಂದು ವಾರದಿಂದ ವೈಫೈ ತೆವಳುತ್ತಿತ್ತು. ಕಾರಣ ಸಿಕ್ಕಿದ್ದು ನಿನ್ನೆ: ಬ್ಯಾಟರಿ ಉಳಿಸುವ ನೆಪದಲ್ಲಿ ವೈಫೈ ಕಾರ್ಡು ನಡುನಡುವೆ ತೂಕಡಿಸುತ್ತಿತ್ತು. ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಒಂದು ಸಾಲು ಬರೆದರೆ ಎಚ್ಚರವಾಗುತ್ತಿತ್ತು, ಯಂತ್ರ ಆರಿಸಿ ಹಚ್ಚಿದರೆ ಮತ್ತೆ ಅದೇ ತೂಕಡಿಕೆ. ಈಗಷ್ಟೇ ಹಚ್ಚಿದ್ದರಿಂದ ಮ್ಯಾಪಿನ ಜಾಗದಲ್ಲಿ ಬರೀ ಬಿಳಿ, ನಡುವೆ ಸುತ್ತುವ ಒಂದು ಬಳೆ.

"ಏನಿದು?"

"ನೆಟ್ ಸ್ಲೋ ಅಣ್ಣ. ನೋಡ್ತೀನಿ ಇರು."

ನೋಡಿದಳು, ಆ ಒಂದು ಸಾಲನ್ನು ಬಿಟ್ಟು ಮಿಕ್ಕೆಲ್ಲವನ್ನೂ. ರೂಟರ್ ಆರಿಸಿ, ಅದು ತಣ್ಣಗಾಗಬೇಕೆಂದು ಐದು ನಿಮಿಷ ಕಾದಳು. ಅವನು ಅವಳ ಬೆನ್ನಿಗೆ ಗುದ್ದಿದ. ಮತ್ತೆ ಹಚ್ಚಿ, ರೂಟರಿಗೂ ಲ್ಯಾಪ್‌ಟಾಪಿಗೂ ನಡುವಿನ ಮಾತುಕತೆ ಅಳೆಯುವ ಅಂಕೆಗಳನ್ನು ಪರದೆಯ ತುಂಬ ಓಡಿಸಿದಳು. ಅವನು ಜಡೆ ಹಿಡಿದೆಳೆದು ತಲೆಯನ್ನು ಮೇಜಿನ ಅಂಚಿಗೆ ಬಡಿದ. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಸೆರಗಿನಿಂದ ಒರೆಸಿಕೊಂಡು, "ವೈಫೈ ಡ್ರೈವರ್ ಹಳೇದಾಗಿದೆ ಅನ್ಸುತ್ತೆ," ಅಂದು ಇಡೀ ಸಿಸ್ಟಮ್ಮಿನ ಅಪ್‌ಡೇಟ್ ಶುರುಮಾಡಿದಳು. ಇದ್ದ ಚೂರುಪಾರು ನೆಟ್ಟನ್ನೂ ಅದು ನುಂಗಿತು. ಗೋಡೆಯ ಮೇಲೆ ಹತ್ತೂಮುಕ್ಕಾಲು.

ಅಣ್ಣ ಸುಮ್ಮನಾದ. ಹೊಡೆತಕ್ಕಿಂತ ಅವಳಿಗೆ ಹೆದರಿಕೆಯಾದದ್ದು ಅದಕ್ಕೆ.

"ಪ್ಲಗ್ ಒರೆಸಿದ್ರೆ ಸ್ಟಾರ್ಟ್ ಆಗೋ ಗಾಡಿ ಬಂತು ಅಂತಿಟ್ಕೋ," ಎಂದ ಮೆಲ್ಲಗೆ. "ನಾನೇನ್ ಮಾಡ್ತೀನಿ? ಎಂಜಿನ್ ಬಿಚ್ಚಿ ನೆಲದ ತುಂಬ ಹರಡ್ತೀನಿ. ಗಿರಾಕಿ ಬಾಯ್ ಮುಚ್ಕೊಂಡು ಮೂರು ದಿನ ಕಾಯ್ತಾನೆ. ಊಟಕ್ಕೆ ಕೂತಾಗೆಲ್ಲ ನಾನೇ ಹೇಳಿ ನಗ್ತಿರ್ಲಿಲ್ವಾ?"

ತಂಗಿ ಪರದೆಯಿಂದ ಕಣ್ಣು ತೆಗೆಯದೆ ಇನ್ನೊಂದು ಕೀಲಿ ಒತ್ತಿದಳು.

"ಗುರುವಿಗೇ ತಿರುಮಂತ್ರನೇನೇ?"

ಅವಳ ಬಲಗೈ ಕೀಲಿಗಳ ಮೇಲಿತ್ತು. ಅವನು ಮುಚ್ಚಳ ಹಾಕಿ, ಅದರ ಮೇಲೆ ತನ್ನ ಇಡೀ ಮೈಭಾರ ಬಿಟ್ಟ. ಎರಡು ಬೆರಳು ಲಟಕ್ಕೆಂದವು. ಅವಳು ಕಿರುಚಿದ ಸದ್ದು ಬೀದಿಗೂ ಕೇಳಿರಬೇಕು, ಬೀದಿ ಕಿವಿ ಮುಚ್ಚಿಕೊಂಡಿತು. ಮುಚ್ಚಳ ಎತ್ತಿ, ಎಡಗೈಯನ್ನು ಬೆನ್ನ ಹಿಂದೆ ತಿರುಚಿ ಹಿಡಿದು, "ಇದರಲ್ಲೂ ಐದಿವೆ," ಎಂದ. ಕಿರುಬೆರಳನ್ನು ಹಿಂದಕ್ಕೆ ಬಾಗಿಸಿದ. ಅದೂ ಹೋಯಿತು. ಉಂಗುರದ ಬೆರಳು ಹಿಡಿದ.

ತಂಗಿ ಹೇಳಿಬಿಟ್ಟಳು.

"ಅಪ್‌ಡೇಟ್ ನಿಲ್ಸು, ಮೇಲ್ಗಡೆ ಇಂಟು ಗುರುತು ಒತ್ತಿ ಮುಚ್ಚು. ಇನ್ನೊಂದು ಕಪ್ಪು ಕಿಟಕಿ ಇದ್ಯಲ್ಲ, ಅದರಲ್ಲಿ ಮೇಲಿನ ಬಾಣ ಒತ್ತು... ಇನ್ನೊಂದ್ಸಲ. ನಿನ್ನೆ ಬರೆದ ಸಾಲು ಬಂತಲ್ಲ. ಎಂಟರ್ ಒತ್ತು. ಪಾಸ್‌ವರ್ಡ್ ಕೇಳುತ್ತೆ."

"ಹೇಳು."

"ಅತ್ತಿಗೆ ಹುಟ್ಟಿದ ದಿನ."

ಹೆಂಡತಿ ಹುಟ್ಟಿದ್ದು ಯಾವಾಗೆಂದು ಅವನಿಗೆ ಗೊತ್ತಿರಲಿಲ್ಲ. ಎಂಟು ಅಂಕೆಗಳನ್ನೂ ತಂಗಿಯೇ ಬಿಕ್ಕುತ್ತ ಒಂದೊಂದಾಗಿ ಹೇಳಿದಳು. ಒಂದೇ ಬೆರಳಿನಲ್ಲಿ ಕುಟ್ಟಿದ. ಪರದೆಯ ಮೇಲೆ ಒಂದು ಅಂಕೆಯೂ ಮೂಡಲಿಲ್ಲ, ಒಂದು ಚುಕ್ಕೆಯೂ ಬೀಳಲಿಲ್ಲ.

"ಏನೂ ಬೀಳ್ತಿಲ್ಲ!"

"ಕಾಣ್ಸಲ್ಲ ಅಣ್ಣ. ಇದರಲ್ಲಿ ಪಾಸ್‌ವರ್ಡ್ ಹೊಡೆದ್ರೆ ಕಾಣ್ಸಲ್ಲ, ಅದು ಹಂಗೇನೇ. ಎಂಟರ್ ಒತ್ತು ಸಾಕು."

"ಎಂಟು ಸಲ ಕುಟ್ಟಿದೀನಿ, ಒಂದೂ ಇಲ್ಲ! ಈ ಕೀಬೋರ್ಡೂ ಕೆಡಿಸಿಟ್ಟಿದೀಯಾ?"

"ದೇವರಾಣೆ ಅಣ್ಣ! ಎಂಟರ್ ಒತ್ತು!"

ಎರಡು ಕೈಯಲ್ಲೂ ಲ್ಯಾಪ್‌ಟಾಪ್ ಎತ್ತಿ ಅವಳ ಮೇಲೆ ಬೀಸಿದ. ಭುಜಕ್ಕೆ ತಾಗಿ ನೆಲಕ್ಕೆ ಬಿತ್ತು. ಪರದೆ ಇಬ್ಭಾಗವಾಗಿ ಕೀಲಿಗಳು ಸಿಡಿಯುವ ತನಕ ತುಳಿದ. ಅವಳ ಹೊಟ್ಟೆಗೊಂದು ಒದೆ ಕೊಟ್ಟು, ಬೈಕು ಹತ್ತಿ ಬರೀ ಅಂದಾಜಿನ ಮೇಲೆ ರೈಲು ನಿಲ್ದಾಣದ ಕಡೆಗೆ ಹೋದ. ಬಸ್ಸಿನ ಯೋಚನೆ ಅವನಿಗೆ ಬರಲೇ ಇಲ್ಲ.

ಹನ್ನೊಂದೂಕಾಲಿಗೆ ಪಕ್ಕದ ಮನೆಯ ಟೈಲರಮ್ಮ ಓಡಿ ಬಂದಳು, ಕೈಯಲ್ಲಿ ತನ್ನ ಫೋನು. ನೆಲದ ಮೇಲಿದ್ದವಳನ್ನು ಕಂಡು "ಅಯ್ಯೋ" ಎಂದು ಕೂತು, ಫೋನನ್ನು ಅವಳ ಕಿವಿಗೆ ಹಿಡಿದಳು.

"ಬಸ್ಸು ಊರು ದಾಟ್ತು ಕಣೇ," ಅಂದಳು ಅತ್ತಿಗೆ. ಅಳುತ್ತಿದ್ದಳೋ ನಗುತ್ತಿದ್ದಳೋ. "ನಂಗೆ ಗೊತ್ತಿತ್ತು, ನೀನು ಸತ್ರೂ ಬಾಯಿ ಬಿಡಲ್ಲ ಅಂತ."

"ಬಿಟ್ಟೆ ಅತ್ತಿಗೆ."

ಟೈಲರಮ್ಮ ಸೆರಗಿನ ತುದಿಯಿಂದ ಅವಳ ಹುಬ್ಬಿನ ಗಾಯ ಒತ್ತಿ ಹಿಡಿದಳು.

"ಎಲ್ಲಾ ಹೇಳ್ಬಿಟ್ಟೆ. ನಿಜಾನೇ ಹೇಳ್ದೆ, ಅವನು ನಂಬ್ಲಿಲ್ಲ ಅಷ್ಟೇ. ನಿಮ್ಮ ಫೋನ್ ಈಗ್ಲೇ ಆಫ್ ಮಾಡಿ. ಯಾವ ಮನೇಲಿ ಇರ್ತೀರ ಅಂತ ನಂಗೆ ಹೇಳ್ಬೇಡಿ."