ಐವತ್ತು ನಿಮಿಷದ ಅಣ್ಣ

"ಐವತ್ತೇ ನಿಮಿಷ ಕಣೇ. ವಿಮಾನ ಹತ್ತಿದ್ರೆ ಇಳಿದ ಹಾಗೆ. ನಾನು ಬರೋವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ," ಎಂದು ಅಣ್ಣ ಬೆಳಗಿನ ಜಾವವೇ ಫೋನಿನಲ್ಲಿ ಹೇಳಿದ್ದ. ಈಗ ಗಂಟೆ ಹನ್ನೊಂದಾಗಿತ್ತು. ಆ ಐವತ್ತು ನಿಮಿಷ ಇನ್ನೂ ಶುರುವೇ ಆಗಿರಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ತಂಗಿ ಮುದುಡಿ ಕೂತಿದ್ದಳು. ಬಾಗಿಲಾಚೆ ಅಪ್ಪ ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಸಕ್ಕರೆ ಕಾಯಿಲೆ ಬೇರೆ. ಪಾದದ ಗಾಯವನ್ನು ಮನೆಯವರಿಗೆ ತೋರಿಸದೆ, ಅದೇ ಪಾದದಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದ ಮಹಾನುಭಾವರು. ಈಗ ಪಾದ ಕಪ್ಪಾಗಿ, ನಂಜು ಮೇಲಕ್ಕೆ ಹತ್ತುತ್ತಿತ್ತು.

ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. "ಈಗಲೇ ಮಾಡಿದ್ರೆ ಮಂಡಿ ಕೆಳಗಷ್ಟೇ ಕಾಲು ತೆಗೀತೀನಿ. ಮಂಡಿ ಉಳಿದ್ರೆ ಕೃತಕ ಕಾಲಲ್ಲಿ ನಡೀತಾರೆ. ಸಂಜೆಯಾದ್ರೆ ಮಂಡೀನೂ ಹೋಗಬಹುದು, ಜೀವಾನೂ ಹೋಗಬಹುದು. ಯಾರಿಗೆ ಕಾಯ್ತಿದ್ದೀರಿ?"

"ಅಣ್ಣಂಗೆ. ಐವತ್ತು ನಿಮಿಷ..." ಎಂದವಳಿಗೆ ತನ್ನ ಮಾತಿಗೆ ತಾನೇ ನಾಚಿಕೆಯಾಯಿತು.

ಅಣ್ಣ ಇರುವ ಊರಿಗೂ ಈ ಊರಿಗೂ ನಡುವೆ ನಾನೂರು ಕಿಲೋಮೀಟರ್. ಸುಮ್ಮನೆ ಕಾರು ಹತ್ತಿದ್ದರೆ ಇಷ್ಟು ಹೊತ್ತಿಗೆ ಇಲ್ಲಿ ನಿಂತಿರುತ್ತಿದ್ದ. ಆದರೆ ಈ ಮಹಾರಾಯನಿಗೆ ಕಾರೆಂದರೆ ಆರು ಗಂಟೆ, ವಿಮಾನವೆಂದರೆ ಐವತ್ತು ನಿಮಿಷ. ನಿಲ್ದಾಣಕ್ಕೆ ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಇಳಿದು ಊರೊಳಗೆ ಬರುವುದು ಯಾವುದೂ ಅವನ ಲೆಕ್ಕಕ್ಕಿಲ್ಲ. ಸಾಲದ್ದಕ್ಕೆ ಅಲ್ಲಿ ಬೆಳಗಿನಿಂದ ದಟ್ಟ ಮಂಜು, ವಿಮಾನಗಳು ಮೇಲೇಳುತ್ತಿರಲಿಲ್ಲ.

ಅವಳು ಮತ್ತೆ ಫೋನ್ ಮಾಡಿದಳು.

"ವಿಮಾನದೊಳಗೇ ಕೂತಿದ್ದೀನಿ, ಇನ್ನೇನು ಹೊರಡುತ್ತೆ. ದುಡುಕಬೇಡ. ಅಪ್ಪನ ಕಾಲು ಕಣೇ ಅದು, ನಿನ್ನ ಅಂಗಡಿ ಬಟ್ಟೆ ಅಲ್ಲ."

ಆಮೇಲೆ ಅವನ ಫೋನು ಸತ್ತು ಹೋಯಿತು.

ಮಾತು ಎದೆಗೆ ನಾಟಿತು. ಅಪ್ಪನ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ಅವಳೇ. ಆದರೂ ಮನೆಯಲ್ಲಿ ಅಣ್ಣ ಹಾಕಿದ ಗೆರೆಯನ್ನು ಅವಳು ಯಾವತ್ತೂ ದಾಟಿದವಳಲ್ಲ. ಆಪರೇಷನ್ನಿಗೆ ಒಳಗೆ ಹೋದ ಅಪ್ಪ ಜೀವಂತವಾಗಿ ಹೊರಗೆ ಬರದಿದ್ದರೆ ಸಾಯುವವರೆಗೂ ಅಣ್ಣ ಅದನ್ನೇ ಎತ್ತಿ ಆಡುತ್ತಾನೆ. ಅವಳಿಗೆ ತುಂಬ ಭಯವಾಗಿತ್ತು.

ಮೊದಲ ಸಲ ದುಬಾರಿ ಬಟ್ಟೆಯೊಂದರ ಮುಂದೆ ಕತ್ತರಿ ಹಿಡಿದು ಹೀಗೇ ಹೆದರಿ ನಡುಗುತ್ತಾ ನಿಂತಿದ್ದಳು. ಆಗ ಅಪ್ಪ ಮಿಷನ್ ತುಳಿಯುವುದನ್ನು ನಿಲ್ಲಿಸದೆಯೇ ಹೇಳಿದ್ದರು. "ಕೈ ನಡುಗಿದ್ರೆ ನಡುಗಲಿ ಮಗಾ. ಅಳತೆ ಸರಿಯಿದೆ ತಾನೇ? ಹಾಕು ಕತ್ತರಿ."

ಅವಳು ಎದ್ದು ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಅಕ್ಷರ ಸೊಟ್ಟಪಟ್ಟವಾಗಿ ಬಂತು.

ಅಣ್ಣ ಬಂದಾಗ ಸಂಜೆಯಾಗಿತ್ತು. ಚೀಲ ಹೆಗಲಲ್ಲಿ, ಸಿಟ್ಟು ಮೂಗಿನ ತುದಿಯಲ್ಲಿ. ಅಪ್ಪ ಮಂಪರಿನಲ್ಲಿದ್ದರು, ಉಸಿರಾಟ ಸಮವಾಗಿತ್ತು. ಹೊದಿಕೆ ಒಂದು ಕಡೆ ಅರ್ಧಕ್ಕೇ ಚಪ್ಪಟೆಯಾಗಿತ್ತು. ಅವನು ಅದನ್ನು ನೋಡಿದ, ತಂಗಿಯನ್ನು ನೋಡಿದ.

"ಐವತ್ತು ನಿಮಿಷ ಕಾಯೋಕಾಗ್ಲಿಲ್ವಾ ನಿಂಗೆ?"

ಅವಳು ಜಗಳಕ್ಕೆ ಹೋಗಲಿಲ್ಲ. ಅವನ ಕೈ ಹಿಡಿದು ತಂದು, ಹೊದಿಕೆಯ ಮೇಲಿಂದಲೇ ಅಪ್ಪನ ಆ ಕಾಲಿನ ಮಂಡಿಯ ಮೇಲೆ ಮೆಲ್ಲಗೆ ಇಟ್ಟಳು. ಮಂಡಿ ಗುಂಡಗೆ, ಬೆಚ್ಚಗೆ ಅಲ್ಲೇ ಇತ್ತು.

"ಕಾದಿದ್ರೆ ಇದೂ ಇರ್ತಿರಲಿಲ್ಲ ಅಣ್ಣ," ಎಂದಳು.

ಅಣ್ಣ ಚೀಲ ಇಳಿಸಿ ಹಾಸಿಗೆಯ ಪಕ್ಕದಲ್ಲೇ ಕುಕ್ಕರಿಸಿದ. ತುಂಬ ಹೊತ್ತು ಮಂಡಿಯ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.