ಹೋಗ್ತೀನಿ, ಬರ್ತೀನಿ

ನಮ್ಮವರು ಕಾದಂಬರಿ ಬರೆಯುತ್ತಿದ್ದರು. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಹೀಗಾಗಿ ಅವರ ತಪ್ಪು ಹುಡುಕಲು ನನಗೆ ಮನೆಯಲ್ಲಿ ಹಕ್ಕೂ ಇತ್ತು, ಕೆಲಸದಲ್ಲಿ ಸಂಬಳವೂ ಇತ್ತು.

ಜಗಳ ಶುರುವಾದದ್ದು ಅವರ ಮೊದಲ ಪುಸ್ತಕದಲ್ಲೇ. ಅದರಲ್ಲೊಬ್ಬ ಬಡಗಿ ಹೊಸ್ತಿಲು ದಾಟುವಾಗ ಹೆಂಡತಿಗೆ "ಹೋಗ್ತೀನಿ" ಅನ್ನುತ್ತಾನೆ. ಮನೆಯಿಂದ ಹೊರಡುವಾಗ ಯಾರಾದರೂ ಹಾಗನ್ನುತ್ತಾರೆಯೇ? ಹೊಡೆದುಹಾಕಿ "ಬರ್ತೀನಿ" ಎಂದು ತಿದ್ದಿದೆ.

"ಅಮ್ಮಾ ತಾಯೀ, ಅದನ್ನ ಮುಟ್ಬೇಡ," ಅಂದರು ಇವರು.

"ಬಿಡ್ತು ಅನ್ನಿ! ಹೋಗ್ತೀನಿ ಅಂತ ಯಾರ್ರೀ ಹೇಳ್ತಾರೆ?"

"ವಾಪಸ್ ಬರದೇ ಇರೋನು ಹೇಳ್ತಾನೆ."

ಮುಂದಿನ ಅಧ್ಯಾಯದಲ್ಲಿ ಬಡಗಿ ಸತ್ತ. ಎರಡನೆಯ ಪುಸ್ತಕದಲ್ಲಿ ನರ್ಸೊಬ್ಬಳು ತಂಗಿಗೆ ಹಾಗೆಯೇ ಅಂದಳು, ಅವಳೂ ಹಿಂದಿರುಗಲಿಲ್ಲ. ವಿಮರ್ಶಕರು ಇವರ ಪುಸ್ತಕಗಳಲ್ಲಿ ಕನ್ನಡಿ, ಕತ್ತಲೆ, ಏನೇನೋ ಸಂಕೇತ ಅಗೆದು ತೆಗೆದರು. ಪದೇ ಪದೇ ಬರುವ ಈ ಒಂದು ಮಾತು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಅದು ನಮ್ಮಿಬ್ಬರ ಗುಟ್ಟಾಯಿತು. ಹೊಸ ಕರಡು ಬಂದರೆ ಮೊದಲು ಬಾಗಿಲ ಬಳಿಯ ಮಾತುಗಳನ್ನೇ ಹುಡುಕುತ್ತಿದ್ದೆ. "ಅಯ್ಯೋ, ಈ ಮುದುಕನ್ನೂ ಕಳಿಸಿಬಿಟ್ರಾ ಪುಣ್ಯಾತ್ಮರೇ!" ಎಂದು ಬೈದರೆ ಇವರು ಚಹಾದ ಲೋಟ ಅಡ್ಡ ಹಿಡಿದು ನಗುತ್ತಿದ್ದರು.

ಹೋದ ವರ್ಷ ಇವರಿಗೆ ಹೃದಯದ ಆಪರೇಷನ್ ಆಗಬೇಕೆಂದರು. ಒಳಗೆ ಕರೆದೊಯ್ಯುವ ಮೊದಲು ಸ್ಟ್ರೆಚರನ್ನು ಬಾಗಿಲ ಬಳಿ ಒಂದು ಗಳಿಗೆ ನಿಲ್ಲಿಸಿದರು. ನಾನು ಇವರ ತುಟಿಯನ್ನೇ ನೋಡುತ್ತಿದ್ದೆ.

"ಬರ್ತೀನಿ ಕಣೇ," ಅಂದರು.

ನನಗೆ ಅಷ್ಟೇ ಬೇಕಾಗಿತ್ತು. "ಬರ್ದೇ ಇದ್ರೆ ನೋಡಿ, ನಿಮ್ ಪುಸ್ತಕ ಎಲ್ಲಾ ತಿದ್ದಿಬಿಡ್ತೀನಿ," ಎಂದು ನಕ್ಕು ಕೈ ಬಿಟ್ಟೆ. ಹೊರಗಿನ ಬೆಂಚಿನ ಮೇಲೆ ನೆಮ್ಮದಿಯಾಗಿ ನಿದ್ದೆಯನ್ನೂ ಮಾಡಿದೆ. ಡಾಕ್ಟರು ಬಂದು ಎಬ್ಬಿಸಿ ವಿಷಯ ಹೇಳಿದಾಗ, "ಇಲ್ಲ ಡಾಕ್ಟ್ರೇ, ಅವ್ರು ಬರ್ತೀನಿ ಅಂದಿದಾರೆ," ಅಂದೆ.

ಆಮೇಲೆ ತಿಂಗಳುಗಟ್ಟಲೆ ಇವರ ಮೇಲೆ ಕೆಂಡದಂಥ ಸಿಟ್ಟು. ಬಡಗಿಗೆ, ನರ್ಸಿಗೆ ನಿಜ ಹೇಳಲು ಬಿಟ್ಟ ಮನುಷ್ಯ ನನಗೆ ಸುಳ್ಳು ಹೇಳಬೇಕಿತ್ತೆ? ಗೊತ್ತಿದ್ದೇ ಹೇಳಿದರೋ, ಬಂದೇ ಬರುತ್ತೇನೆಂದು ನಂಬಿದ್ದರೋ? ಅದೊಂದು ತಿಳಿದರೆ ಸಾಕಿತ್ತು.

ಈ ವಾರ ಇವರ ಕೊನೆಯ ಕಾದಂಬರಿಯ ಕರಡು ನನ್ನ ಮೇಜಿಗೆ ಬಂತು. ಆಸ್ಪತ್ರೆ ಸೇರುವ ಮುನ್ನ ನನಗೆ ತೋರಿಸದೆ ಪ್ರೆಸ್ಸಿಗೆ ಕೊಟ್ಟು ಬಂದಿದ್ದರು. ಕಥೆಯಲ್ಲಿ ಗಡಿಯಾರ ರಿಪೇರಿಯವನೊಬ್ಬನಿಗೆ ನೀನು ಉಳಿಯುವುದಿಲ್ಲವೆಂದು ವೈದ್ಯರು ಹೇಳಿಬಿಟ್ಟಿರುತ್ತಾರೆ. ಕೊನೆಯ ಪುಟದಲ್ಲಿ ಅವನು ಬಾಗಿಲ ಬಳಿ ನಿಂತು ಹೆಂಡತಿಗೆ ಅನ್ನುತ್ತಾನೆ: "ಬರ್ತೀನಿ ಕಣೇ." ಅವಳು ಆ ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಇವರಿಗೆ ಗೊತ್ತಿತ್ತು.

ಇವರದೇ ಹಳೆಯ ನಿಯಮದ ಅಭ್ಯಾಸಬಲದಿಂದ ನನ್ನ ಪೆನ್ಸಿಲ್ ಆಗಲೇ "ಬರ್ತೀನಿ" ಹೊಡೆದು, ಅಂಚಿನಲ್ಲಿ "ಹೋಗ್ತೀನಿ" ಎಂದು ಬರೆದಿತ್ತು. ಕಣ್ಣು ತುಂಬಿ ಸಾಲು ಕಾಣದಾಯಿತು. ಅಂಚಿನ ಮಾತನ್ನು ಅಳಿಸಿದೆ. ಹೊಡೆದ ಪದದ ಕೆಳಗೆ ಚುಕ್ಕಿಗಳನ್ನಿಟ್ಟೆ. ನಮ್ಮ ಕೆಲಸದಲ್ಲಿ ಅದಕ್ಕೆ ಇದ್ದ ಹಾಗೇ ಇರಲಿ ಎಂದರ್ಥ.

"ಯಾಕಕ್ಕಾ ಅಳ್ತಿದೀರ? ತಪ್ಪೇನಾದ್ರೂ ಇದ್ಯಾ?" ಎಂದಳು ಪಕ್ಕದ ಮೇಜಿನ ಹುಡುಗಿ.

"ಇಲ್ಲ ಕಣೇ," ಅಂದೆ. "ಸರಿಯಾಗೇ ಬರ್ದಿದಾರೆ."