ಎರಡು ಮಂದೆಗೆ ಒಂದೇ ನಾಯಿ

ಪಂಚಾಯಿತಿ ಮೆಂಬರಾಗಿದ್ದು ಈರಕ್ಕನಿಗೆ ಸಾಕುಸಾಕಾಗಿ ಹೋಗಿತ್ತು. ಮಾರನೆಯ ದಿನ ಅಧ್ಯಕ್ಷರ ಚುನಾವಣೆ. ಅತ್ತ ಬುಕ್ಕಾಪಟ್ಟಣದ ಮಗ್ಗುಲಿನ ಅವಳೂರಿನಲ್ಲಿ ತಾಯಿ ಸತ್ತ ಕುರಿಮರಿಯೊಂದು ಹಾಲಿಲ್ಲದೆ ಅರಚುತ್ತಿದ್ದರೆ, ಇತ್ತ ಅವಳು ಕೊರಟಗೆರೆಯಲ್ಲಿ, ದೊಡ್ಡರಂಗಪ್ಪನ ಬೀಗರ ಮನೆಯ ಸೋಫಾದ ಮೇಲೆ ಸುಮ್ಮನೆ ಕೂತಿದ್ದಳು. ಅಧ್ಯಕ್ಷನಾಗಲು ಹೊರಟಿದ್ದ ದೊಡ್ಡರಂಗಪ್ಪ, ಗೊರವನಹಳ್ಳಿ ಲಕ್ಷ್ಮಿಗೆ ಕೈಮುಗಿಸಿ ಮಧ್ಯಾಹ್ನಕ್ಕೆ ಊರಿಗೆ ಬಿಡುತ್ತೇನೆಂದು ಕರೆತಂದವನು, ಈಗ ಬಾಗಿಲಿಗೆ ಅಡ್ಡ ನಿಂತಿದ್ದ.

"ಆಚೆಗೆ ಕಾಲಿಕ್ಬೇಡ ಈರಕ್ಕ. ಓಟಿಗೋಸ್ಕರ ರಾಧಾಮಣಿ ಕಡೆಯೋರು ನಿನ್ನ ಎತ್ತಾಕ್ಕೊಂಡು ಹೋಯ್ತಾರೆ. ಅಗೋ ನೋಡು!"

ಕಿಟಕಿಯಾಚೆ ಕರಿ ಹೆಲ್ಮೆಟ್ಟಿನವನೊಬ್ಬ ಸೈಲೆನ್ಸರ್ ಕಿತ್ತ ಬೈಕಿನಲ್ಲಿ ಬೀದಿ ಸುತ್ತುತ್ತಿದ್ದ. ಸದ್ದಿಗೆ ಕಿಟಕಿಯ ಗಾಜು ನಡುಗಿತು.

ಅಷ್ಟರಲ್ಲಿ ಗಂಡ ಕಾಟಪ್ಪನ ಫೋನು. "ಲೇ, ಮರಿ ಸತ್ತ ಆ ಮಚ್ಚೆ ಕುರಿ ಈ ಮರೀನ ಒದೀತದೆ ಕಣೇ. ಹಿಡಿಯಾಕೋದ್ರೆ ನನ್ನೇ ಗುದ್ತದೆ. ಸಂಜೆಗೂ ಹಾಲು ಬೀಳ್ದಿದ್ರೆ ಮರಿ ಉಳಿಯಾಕಿಲ್ಲ."

"ಬೀದಿ ನಾಯಿ ಕಟ್ಟು ಅಂದಿದ್ನಲ್ಲ?"

"ಒಂದೂ ಕೈಗೆ ಸಿಗ್ತಿಲ್ಲ. ನಮ್ಮ ನಾಯಿ ಕರಿಯನ್ನ ಕಟ್ಟಿದ್ರೆ ಕುರಿ ಅದ್ರ ಮೂತಿ ನೆಕ್ತಾ ನಿಂತದೆ!"

ಮರಿ ಕಳೆದುಕೊಂಡ ಕುರಿಗೆ ಬೇರೆ ಮರಿ ಹಚ್ಚಲು ಅದೊಂದು ಹಳೆಯ ಉಪಾಯ. ಎರಡನ್ನೂ ಒಂದು ಮೂಲೆಗೆ ಕೂಡಿ, ಗುರುತಿಲ್ಲದ ನಾಯಿಯನ್ನು ಎದುರಿಗೆ ಕಟ್ಟಬೇಕು. ನಾಯಿ ಗುರ್ರೆಂದರೆ ಸಾಕು, ಕುರಿಗೆ ತನ್ನದು, ಪರರದು ಎನ್ನುವುದೇ ಮರೆತು ಮರಿಗೆ ಅಡ್ಡ ನಿಲ್ಲುತ್ತದೆ. ಆ ಗಳಿಗೆಯಲ್ಲೇ ಮರಿಯ ಬಾಯಿಗೆ ಮೊಲೆ ಕೊಡಬೇಕು.

ಈರಕ್ಕ ಎದ್ದು ಮುಖ ತೊಳೆಯಲು ಹಿತ್ತಲಿಗೆ ಹೋದಳು. ನೋಡಿದರೆ ಅದೇ ಬೈಕು. ಒಗೆಯುವ ಕಲ್ಲಿನ ಮೇಲೆ ಅದೇ ಕರಿ ಹೆಲ್ಮೆಟ್ಟು. ಪಕ್ಕದಲ್ಲಿ ಮೀಸೆಯವನೊಬ್ಬ ಕುಕ್ಕರಗಾಲಲ್ಲಿ ಕೂತು ಮುದ್ದೆ ನುಂಗುತ್ತಿದ್ದ. ಒಳಗಿನಿಂದ ಹೆಂಗಸೊಬ್ಬಳು ಕೂಗಿದಳು: "ಯೋಗೀಶಣ್ಣ, ಇನ್ನೊಂದೀಟು ಸಾರು ಬಿಡ್ಲಾ?"

ಈರಕ್ಕನಿಗೆ ಸಿಟ್ಟು ನೆತ್ತಿಗೇರಿತು. ಸೀದಾ ದೊಡ್ಡರಂಗಪ್ಪನ ಮುಂದೆ ಬಂದು ನಿಂತಳು.

"ಅಲ್ಲಣ್ಣ, ಕುರಿಗೆ ನಾಯಿ ತೋರ್ಸೋಳು ನಾನು. ನಂಗೇ ನಾಯಿ ತೋರುಸ್ತೀಯಾ? ಅದ್ರಾಗೂ ನಾಯಿನ ಹಿತ್ಲಲ್ಲೇ ಕುಂಡ್ರಿಸಿ ಮುದ್ದೆ ಇಕ್ತೀಯಲ್ಲ, ಒಂದೀಟು ಮರೆ ಬ್ಯಾಡ್ವಾ?"

ದೊಡ್ಡರಂಗಪ್ಪ ಬಾಯಿ ತೆರೆಯುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು.

ಬಸ್ ಸ್ಟ್ಯಾಂಡಿನಲ್ಲಿ ಕಾರೊಂದು ಪಕ್ಕಕ್ಕೆ ಬಂದು ನಿಂತಿತು. ಒಳಗಿದ್ದವಳು ಎದುರು ಗುಂಪಿನ ರಾಧಾಮಣಿ. ಅವಳೂ ಅಧ್ಯಕ್ಷೆಯಾಗಲು ಹೊರಟವಳೇ. "ಸದ್ಯ ತಪ್ಪುಸ್ಕೊಂಡ್ರಲ್ಲ ಈರಕ್ಕ! ಹತ್ತಿ, ಊರಿಗೇ ಬಿಡ್ತೀನಿ." ಮರಿಯ ಚಿಂತೆಯಲ್ಲಿ ಈರಕ್ಕ ಹತ್ತಿಬಿಟ್ಟಳು. ಕಾರು ಊರಿಗೆ ಹೋಗಲಿಲ್ಲ. ಶಿರಾದಲ್ಲಿ ರಾಧಾಮಣಿಯ ಮನೆಯೊಳಗೆ ನುಗ್ಗಿತು. ಹಿಂದೆಯೇ ಗೇಟಿಗೆ ಬೀಗ ಬಿತ್ತು.

"ಒಂದ್ ರಾತ್ರಿ ಇಲ್ಲೇ ಇದ್ಬುಡಕ್ಕ. ಆಚೆ ದೊಡ್ಡರಂಗಪ್ಪನ ಕಡೆಯೋರು ಸುತ್ತಾ ಅವ್ರೆ. ಕೇಳ್ಸಲ್ವಾ?"

ಕೇಳಿಸಿತು. ಅದೇ ಸೈಲೆನ್ಸರ್ ಕಿತ್ತ ಬೈಕು.

ಈರಕ್ಕ ಹಣೆ ಚಚ್ಚಿಕೊಂಡಳು. ಅಂಗಳಕ್ಕಿಳಿದು, ಗೇಟಿನ ಸರಳಿಗೆ ಮೂತಿಯಿಟ್ಟು ಕೂಗಿದಳು: "ಲೇ ಯೋಗೀಶ! ಎಷ್ಟು ಮಂದೆಗೆ ನಾಯಿಯೋ ನೀನು?"

ಬೈಕು ಆಫಾಯಿತು. ಹೆಲ್ಮೆಟ್ಟು ಮೇಲೆದ್ದಿತು. "ಏನ್ ಮಾಡ್ಲಕ್ಕ? ಪೆಟ್ರೋಲು ಇಬ್ರೂ ಹಾಕುಸ್ತಾರೆ."

ಈರಕ್ಕ ರಾಧಾಮಣಿಯತ್ತ ತಿರುಗಿದಳು.

"ಬೀಗ ತೆಗಿಯಮ್ಮ. ಓಟು ನಾಳೆ. ನನ್ನ ಕಾಲಲ್ಲಿ ನಾನೇ ನಡ್ಕೊಂಡು ಬಂದು ಹಾಕ್ತೀನಿ, ಯಾರಿಗಾರ ಹಾಕ್ತೀನಿ." ರಾಧಾಮಣಿ ಬೀಗ ತೆಗೆಯುತ್ತಿದ್ದಂತೆ ಈರಕ್ಕ ಸೆರಗು ಬಿಗಿದು ಬೈಕಿನ ಹಿಂದೆ ಕೂತಳು. "ಎತ್ತಾಕ್ಕೊಂಡು ಹೋಗೋನು ಅಂತಾರಲ್ಲ ನಿನ್ನ, ಹೋಗು. ನಮ್ಮೂರಿಗೆ."

ಹೊತ್ತು ಮುಳುಗುವ ಮುಂಚೆ ಬೈಕು ಭಡಭಡ ಎನ್ನುತ್ತಾ ಅವಳ ಹಟ್ಟಿಯ ಮುಂದೆ ಬಂದಿತು. ಮಚ್ಚೆ ಕುರಿ ಬೆಚ್ಚಿ, ಮರಿಗೆ ಅಡ್ಡ ನಿಂತು ನೆಲಕ್ಕೆ ಕಾಲು ಕುಟ್ಟಿತು. ಈರಕ್ಕ ಹಾರಿಳಿದು ಮರಿಯ ಬಾಯನ್ನು ಮೊಲೆಗೆ ಹಚ್ಚಿದಳು. ಕುರಿ ಒದೆಯಲಿಲ್ಲ, ಬೈಕನ್ನೇ ದುರುಗುಟ್ಟಿ ನೋಡುತ್ತಿತ್ತು. ಮರಿಯ ಬಾಲ ಪಟಪಟ ಅಲ್ಲಾಡತೊಡಗಿತು.

ಯೋಗೀಶ ಬೈಕು ಆಫ್ ಮಾಡಲು ಕೈಹಾಕಿದ.

"ಏಯ್, ಆರುಸ್ಬೇಡ ಕಣ್ಲಾ!" ಈರಕ್ಕ ಕೂತಲ್ಲಿಂದಲೇ ಗದರಿದಳು. "ಇನ್ನೊಂದು ಸುತ್ತು ಹೊಡಿ. ಮುದ್ದೆ ನಾನೂ ಇಕ್ತೀನಿ."